ವಸ್ತಿ ಬಸ್ಸಿನ ಕಾಕಾ

ಕಂಡಕ್ಟರ್ ಕಾಕಾ ಗಟ್ಟಿ ನೆಲದ ಮೇಲೆ ನಿಂತಾಗಲೂ ಕಾಲು ಅಗಲಿಸಿ, ಎಡಗಾಲನ್ನು ತುಸು ಮುಂದಿಟ್ಟು, ಸೊಂಟವನ್ನು ಯಾವುದಾದರೂ ಕಂಬಕ್ಕೋ ಬಾಗಿಲ ಚೌಕಟ್ಟಿಗೋ ಆನಿಸಿಯೇ ನಿಲ್ಲುತ್ತಿದ್ದರು. ಗುಡಿಯಲ್ಲಿ ಮಂಗಳಾರತಿಗೆ ನಿಂತರೂ ಹಾಗೇ, ಮದುವೆಯಲ್ಲಿ ಅಕ್ಷತೆ ಹಿಡಿದು ನಿಂತರೂ ಹಾಗೇ. ಭೂಮಿಗೆ ಯಾವಾಗ ಬ್ರೇಕ್ ಬೀಳುತ್ತದೋ ಎಂಬ ಜಾಗ್ರತೆ. ಜೀವಮಾನವೆಲ್ಲ ಸೀಟಿನ ಅಂಚಿಗೆ ಒರಗಿ ಟಿಕೆಟ್ ಹರಿದದ್ದರಿಂದ ಅವರ ಖಾಕಿ ಪ್ಯಾಂಟು ಎಡಸೊಂಟದಲ್ಲಿ ಮಾತ್ರ ಸವೆದು ಹೊಳೆಯುತ್ತಿತ್ತು. ಬೆಟಗೇರಿಯ ನಮ್ಮ ಓಣಿಯ ಮಕ್ಕಳೆಲ್ಲ ಅವರ ಬೆನ್ನ ಹಿಂದೆ ಸಾಲಾಗಿ ಹಾಗೇ ನಿಂತು ಅಣಕಿಸುತ್ತಿದ್ದೆವು. ಅವರು ತಿರುಗಿಯೂ ನೋಡದೆ, "ಮುಂದ ನಡೀರಿ, ಮುಂದ ಜಾಗಾ ಐತಿ" ಎನ್ನುತ್ತಿದ್ದರು.

ಅವರು ನಮಗೆ ರಕ್ತಸಂಬಂಧಿಯಲ್ಲ, ಎದುರು ಮನೆಯವರು. ನಮ್ಮದು ಮಗ್ಗದ ಮನೆ. ಅಪ್ಪ ಸೀರೆಯ ದಡಿಗೆಂದು ಚೌಕಳಿ ಕಾಗದದ ಮೇಲೆ ಚಿತ್ತಾರ ಬರೆಯುವಾಗ ನಾನು ಪಕ್ಕದಲ್ಲಿ ಕುಳಿತು ಬಣ್ಣ ತುಂಬುತ್ತಿದ್ದೆ. ಇವತ್ತು ನನ್ನ ಹೊಟ್ಟೆ ಹೊರೆಯುವ ವಿದ್ಯೆ ಶುರುವಾದದ್ದು ಅಲ್ಲಿಯೇ. ಕಾಕಾನ ಹೆಂಡತಿಯನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಅವರಿಬ್ಬರಿಗೆ ಮಕ್ಕಳಿರಲಿಲ್ಲ. ಆದರೆ ಓಣಿಯ ಮಕ್ಕಳ ಕಾಟ ಎಷ್ಟಿತ್ತೆಂದರೆ ಆ ಕೊರತೆ ಅವರಿಗೆ ನೆನಪಾಗಲು ನಾವು ಬಿಡುತ್ತಲೇ ಇರಲಿಲ್ಲ.

ಕಾಕಾನದು ಬಹಳ ವರ್ಷ ವಸ್ತಿ ಬಸ್ಸಿನ ಡ್ಯೂಟಿ. ಸಂಜೆ ಗದಗ ಬಿಟ್ಟು, ಕೊನೆಯ ಹಳ್ಳಿಯಲ್ಲಿ ರಾತ್ರಿ ತಂಗಿ, ನಸುಕಿನಲ್ಲಿ ಹಾಲಿನವರನ್ನೂ ಕಾಯಿಪಲ್ಯದವರನ್ನೂ ತುಂಬಿಕೊಂಡು ಪೇಟೆಗೆ ಮರಳುವ ಬಸ್ಸು ಅದು. ಡ್ರೈವರು, ಕಂಡಕ್ಟರು ಮಲಗುವುದು ಬಸ್ಸಿನಲ್ಲಿ ಅಥವಾ ಗುಡಿಯ ಕಟ್ಟೆಯ ಮೇಲೆ. ಅವರ ಊಟ ಮಾತ್ರ ಊರಿನ ಪಾಲು. ಶಿರಹಟ್ಟಿ ಕಡೆ, ಮುಂಡರಗಿ ಕಡೆ ಎಲ್ಲೆಲ್ಲೋ ವಸ್ತಿ ಮಾಡಿದ ಕಾಕಾ ಹೆಚ್ಚು ಕಾಲ ಮಾಡಿದ್ದು ಲಕ್ಷ್ಮೇಶ್ವರ ಸೀಮೆಯ ಯಳವತ್ತಿಯಲ್ಲಿ. ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಮನೆಯ ಅಜ್ಜಿಯೊಬ್ಬಳು ಇವರಿಗೆ ಉಣಬಡಿಸುತ್ತಿದ್ದಳು. ಬಸ್ಸು ಎಷ್ಟೇ ತಡವಾದರೂ ಬಂದ ಮೇಲೆಯೇ ರೊಟ್ಟಿ ಬಡಿಯುತ್ತಿದ್ದಳಂತೆ.

ಉಂಡ ಊರಿನ ಒಂದಾದರೂ ಕೆಲಸ ಹೊತ್ತುಕೊಂಡು ಬರಬೇಕು ಎಂಬುದು ಕಾಕಾನ ನೇಮ. ಯಾರದೋ ಕಾಲು ಮುರಿದ ಕನ್ನಡಕ, ಯಾರದೋ ಔಷಧಿ ಚೀಟಿ, ಮಗಳ ಮನೆಗೆ ಮುಟ್ಟಿಸಬೇಕಾದ ಕುಸುಬಿ ಎಣ್ಣೆಯ ಬಾಟಲಿ, ಇದೇ ಬಣ್ಣದ್ದು ಬೇಕು ಎಂದು ಕೊಟ್ಟ ದಾರದ ತುಂಡು, ಎಲ್ಲ ಅವರ ಚೀಲದಲ್ಲಿರುತ್ತಿದ್ದವು. ರಜೆಯ ದಿನ ಗದಗಿನ ಪೇಟೆಯಲ್ಲಿ ಅವನ್ನು ಹಿಡಿದು ಓಡಾಡುತ್ತಿದ್ದರು. "ಮಂದಿ ಗಂಡಂದಿರು ರಜಾ ಇದ್ರ ಹೆಂಡ್ತೀನ ಸಿನಿಮಾಕ್ಕ ಕರಕೊಂಡು ಹೊಕ್ಕಾರ. ನಮ್ಮಾವ್ರು ಯಳವತ್ತಿ ಮಂದಿ ಸಂತಿ ಮಾಡ್ತಾರ" ಎಂದು ಚಿಗವ್ವ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಹೇಳಿ, ಆ ಚೀಲದ ಹರಿದ ಹಿಡಿಕೆಯನ್ನು ತಾನೇ ಹೊಲಿದುಕೊಡುತ್ತಿದ್ದಳು.

ನನ್ನನ್ನು ಮೊಟ್ಟಮೊದಲು ಮನೆಯವರಿಲ್ಲದೆ ಪ್ರಯಾಣ ಮಾಡಿಸಿದವರು ಅವರೇ. ಬೇಸಿಗೆ ರಜೆಯಲ್ಲಿ ಅವರಿಗೆ ಹಗಲಿನ ಡ್ಯೂಟಿ ಬಿದ್ದಾಗ ಅವ್ವ ನನ್ನನ್ನು ಅವರ ಬಸ್ಸಿಗೆ ಹತ್ತಿಸಿ ಕೈತೊಳೆದುಕೊಳ್ಳುತ್ತಿದ್ದಳು. ಲಕ್ಷ್ಮೇಶ್ವರದ ಸ್ಟ್ಯಾಂಡಿನಲ್ಲಿ ನನ್ನ ತಾಯಿಯ ತಾಯಿ ಕಾಯುತ್ತಿರುತ್ತಿದ್ದಳು. ಒಮ್ಮೆ ಅಜ್ಜಿ ಬರುವುದು ತಡವಾಯಿತು. ಕಾಕಾ ಕ್ಯಾಂಟೀನಿನಲ್ಲಿ ಗಿರ್ಮಿಟ್, ಮಿರ್ಚಿ ತರಿಸಿ ನನ್ನ ಮುಂದಿಟ್ಟರು. ನಾನು ತಿಂದು ಮುಗಿಸಿದೆ. ಅವರ ತಟ್ಟೆ ಮಾತ್ರ ಹಾಗೇ ಇತ್ತು. ಡ್ರೈವರು ಟೈರಿನದೇನೋ ತಕರಾರು ನೋಡುತ್ತ ಡಿಪೋದವರ ಜೊತೆ ವಾದಕ್ಕೆ ಬಿದ್ದಿದ್ದ.

"ಕಾಕಾ, ಆರಾಕತ್ತಾವು. ತಿನ್ರಿ" ಎಂದೆ.

"ಡ್ರೈವರ್ ಬರ್ಲಿ ತಂಗಿ. ಸ್ಟೇರಿಂಗ್ ಹಿಡದಾವ್ನ ಹಸದ ಇಟ್ಟು ಕಂಡಕ್ಟರ್ ಉಣಬಾರದು."

"ಉಂಡ್ರ ಏನಾಕ್ಕೈತಿ?"

"ಏನೂ ಆಗಂಗಿಲ್ಲ. ಹೊಳ್ಳಿ ಹೋಗೂಮುಂದ ತಗ್ಗ ಬಂದಲ್ಲಿ ಅಂವಾ ನನ್ನ ನೆನಸ್ಕೊಂಡು ಬ್ರೇಕ್ ಹಾಕಂಗಿಲ್ಲ ಅಷ್ಟ. ಹಿಂದಿನ ಸೀಟಿನ ಮಂದಿ ಟಾಪಿಗೆ ತಲಿ ಹೊಡಕೋತಾರ."

ಡ್ರೈವರು ಬಂದ. ಇಬ್ಬರೂ ಆರಿ ಮೆತ್ತಗಾದ ಮಿರ್ಚಿಯನ್ನು ಬಿಸಿ ಇದ್ದಂತೆಯೇ ಚಪ್ಪರಿಸಿ ತಿಂದರು.

ನಾನು ಓದು ಮುಗಿಸಿ ಪೊಟ್ಟಣ, ಡಬ್ಬಿ, ಜಾಹೀರಾತುಗಳಿಗೆ ವಿನ್ಯಾಸ ಮಾಡುವ ಕೆಲಸ ಹಿಡಿದೆ. ಗಿರಾಕಿಗಳೆಲ್ಲ ಪರದೇಶದವರು, ಮಾತುಕತೆಯೆಲ್ಲ ಲ್ಯಾಪ್‌ಟಾಪಿನಲ್ಲಿ. ಕೂತಲ್ಲೇ ಕಚೇರಿ ಎಂದ ಮೇಲೆ ಒಂದೇ ಕಡೆ ಯಾಕೆ ಕೂರಬೇಕು ಎನಿಸಿತು. ಥಾಯ್ಲೆಂಡಿಗೆ ಹೋದೆ. ಅಲ್ಲಿ ವೀಸಾ ಮುಗಿದಾಗ ವಿಯೆಟ್ನಾಂ, ಅಲ್ಲಿಂದ ಜಾರ್ಜಿಯಾ. ಒಂದು ಬೆನ್ನುಚೀಲ, ಒಂದು ಉರುಳುವ ಪೆಟ್ಟಿಗೆ, ಇಷ್ಟೇ ಸಂಸಾರ. ಹೀಗೆ ಬದುಕುವವರಿಗೆ ಡಿಜಿಟಲ್ ಅಲೆಮಾರಿಗಳು ಎಂಬ ಚೆಂದದ ಹೆಸರಿದೆ. ಬೆಟಗೇರಿಯಲ್ಲಿ ಮಾತ್ರ "ಆ ಹುಡುಗಿ ಇನ್ನೂ ಎಲ್ಲೂ ನೆಲಿ ಹತ್ತವಲ್ದು" ಎಂಬ ಹೆಸರು. ಇಡೀ ಓಣಿಯಲ್ಲಿ ನನ್ನ ಪರ ವಹಿಸಿದವರು ಕಾಕಾ ಒಬ್ಬರೇ. "ನೆಲಿ ಹತ್ತಾಕ ಅಕಿ ಏನ ಗಿಡದ ಬೇರೇನು? ವಸ್ತಿ ಡ್ಯೂಟಿ ಮ್ಯಾಲಿದಾಳ" ಎನ್ನುತ್ತಿದ್ದರು. ಮೊದಲ ಸಲ ವಿಮಾನ ಹತ್ತಲು ಹೊರಟಾಗ ನಾನು ಅವರ ಕಾಲಿಗೆ ನಮಸ್ಕರಿಸಿದೆ. ಅದಕ್ಕೂ ಅವರಿಂದ ಬಂದ ಆಶೀರ್ವಾದ ಅದೇ ಹಳೆಯದು: "ಮುಂದ ನಡಿ, ಮುಂದ ಜಾಗಾ ಐತಿ."

ಥಾಯ್ಲೆಂಡಿನ ಚಿಯಾಂಗ್‌ಮಾಯಿಯಲ್ಲಿ ನನ್ನಂಥವರ ಕೂಟಗಳು ನಡೆಯುತ್ತವೆ. ಅಲ್ಲಿ ನಾನು ಕಾಕಾನ ಕತೆ ಹೇಳುತ್ತಿದ್ದೆ. ರಾತ್ರಿ ಬಸ್ಸಿನಲ್ಲಿ ಮಲಗುವ, ಊರೂರಲ್ಲಿ ಉಣ್ಣುವ ಕಂಡಕ್ಟರು, ನಮ್ಮೆಲ್ಲರ ಹಿರೀಕ. ಜನ ಚಪ್ಪಾಳೆ ತಟ್ಟುತ್ತಿದ್ದರು. ಚೀಲದ ಕತೆ, ಕನ್ನಡಕದ ಕತೆ ಅಲ್ಲಿ ಹೇಳುತ್ತಿರಲಿಲ್ಲ. ಅದನ್ನು ಹೇಳಿದರೆ ನಾವ್ಯಾರೂ ಅವರ ವಂಶದವರಲ್ಲ ಎಂದು ನನಗೇ ಗೊತ್ತಾಗಿಬಿಡುತ್ತಿತ್ತು.

ಕಾಕಾ ಫೋನಿನಲ್ಲಿ ಮುಖ ತೋರಿಸಿ ಮಾತಾಡುವುದನ್ನು ಕಲಿತಿದ್ದರು. ಪರದೆಯ ತುಂಬ ಅವರ ಹಣೆಯೊಂದೇ ಕಾಣುತ್ತಿತ್ತು. ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ಈಗ ಎಲ್ಲಿ ವಸ್ತಿ ತಂಗಿ?"

"ವಿಯೆಟ್ನಾಂ ಕಾಕಾ. ಸಮುದ್ರದ ದಂಡಿ."

"ಯಾರ ಮನ್ಯಾಗ ಉಂಡಿ?"

"ಯಾರ ಮನ್ಯಾಗೂ ಇಲ್ಲ. ಫೋನಿನ್ಯಾಗ ಹೇಳಿದ್ರ ಬಾಗಲಕ್ಕ ತಂದ ಇಟ್ಟ ಹೊಕ್ಕಾರ."

"ಇಟ್ಟಾವನ ಮಾರಿ ನೋಡಿಲ್ಲ?"

"ಇಲ್ರಿ."

"ಆ ಊರ ಬಿಡೂಮುಂದ ಯಾರರ ಏನರ ಕೆಲಸ ಹೇಳಿ ಕಳಸ್ತಾರೇನ?"

"ನನಗ್ಯಾರ ಹೇಳ್ತಾರ ಕಾಕಾ, ಯಾರಿಗೂ ನನ್ನ ಗುರ್ತ ಇಲ್ಲ."

"ಹಂಗಾರ ನೀ ಆ ಊರಾಗ ಇನ್ನೂ ಇಳದ ಇಲ್ಲ ಬಿಡು" ಎಂದು ನಕ್ಕರು.

ನನಗೆ ಸಿಟ್ಟು ಬಂತು. ಗದಗ ಸೀಮೆ ದಾಟಿ ಹೋಗದವರು ನನಗೆ ಲೋಕ ಸಂಚಾರದ ಪಾಠ ಹೇಳುತ್ತಾರಲ್ಲ ಎಂದುಕೊಂಡೆ. ಆ ದಿನ ನನ್ನ ಕೋಣೆಯಲ್ಲಿ ಕಿಟಕಿ ಪರದೆ ಎಳೆದುಕೊಂಡು ಡಬ್ಬಿಯಿಂದ ಅನ್ನ ತಿಂದದ್ದು ಮಾತ್ರ ಎಂದಿನಷ್ಟು ರುಚಿಸಲಿಲ್ಲ.

ನಿವೃತ್ತಿಯಾದ ಮೇಲೆ ಕಾಕಾನಿಗೆ ಸಕ್ಕರೆ ಕಾಯಿಲೆ ಜೋರಾಯಿತು. ಊಟಕ್ಕೆ ಮುಂಚೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಬೇಕಾಯಿತು. ಮೊಣಕಾಲು ಬಸ್ಸಿನ ಮೆಟ್ಟಿಲಿಗೆ ಏಳದಾದವು. ಅವರದು ಒಂದೇ ಆಸೆ: ಯಳವತ್ತಿಯಲ್ಲಿ ಇನ್ನೊಮ್ಮೆ ವಸ್ತಿ ಮಾಡಬೇಕು, ಗಿರಣಿ ಮನೆಯಲ್ಲಿ ಉಣ್ಣಬೇಕು. "ಹಿಡದು ಹತ್ತಸ್ತೀವಿ, ಬಸ್ಸಿಗೇ ಹೋಗಬಹುದಲ್ರಿ" ಎಂದು ಓಣಿಯವರು ಹೇಳಿದರೆ, "ಪ್ಯಾಸೆಂಜರ್ ಆಗಿ ಕುಂತ ಹೋಗೂದು ನನಗ ಒಗ್ಗಂಗಿಲ್ಲ" ಎನ್ನುತ್ತಿದ್ದರು. ನಾನು ಊರಿಗೆ ಬಂದಾಗಲೆಲ್ಲ ಕೇಳುತ್ತಿದ್ದರು. ನಾನು ಪ್ರತಿ ಸಲ "ಮುಂದಿನ ಸಲ ಹೋಗೂಣು" ಎನ್ನುತ್ತಿದ್ದೆ. ಎರಡು ದೇಶಗಳ ವೀಸಾ ಜೋಡಿಸಲು ನನಗೆ ಬರುತ್ತಿತ್ತು. ಒಂದು ಮಧ್ಯಾಹ್ನವನ್ನು ಹೊಂದಿಸಲು ಬರಲಿಲ್ಲ.

ಕೊನೆಗೂ ಒಂದು ಚಳಿಗಾಲದಲ್ಲಿ ಹೊರಟೆವು. ಚಿಗವ್ವ ವಸ್ತಿಗೆ ಮಾತ್ರ ಒಪ್ಪಲಿಲ್ಲ. "ಮಧ್ಯಾಹ್ನ ಉಂಡು, ಹೊತ್ತ ಮುಳಗೂದ್ರಾಗ ಹೊಳ್ಳಿ ಬರ್ರಿ. ಸೂಜಿ ಮಾಡಿಕೊಂಡ ಮ್ಯಾಲೆ ತಡಾ ಮಾಡದ ಉಣಸವ್ವ, ಇಲ್ಲಂದ್ರ ಸಕ್ಕರಿ ಇಳದು ಬೀಳ್ತಾರ. ನಿನ್ನ ಮ್ಯಾಲೆ ಹಾಕೇನಿ" ಎಂದಳು. ನಾನು ಅಣ್ಣನ ಕಾರು ತೆಗೆದೆ. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು, ನಾಲ್ಕೂ ಟೈರಿಗೆ ಒದ್ದು ನೋಡಿ, ಮುಂದಿನ ಸೀಟು ಬಿಟ್ಟು ಹಿಂದೆ ಬಾಗಿಲ ಪಕ್ಕ ಕುಳಿತರು.

"ಮುಂದ ಬರ್ರಿ ಕಾಕಾ."

"ನನ್ನ ಜಾಗಾ ಇದು. ನನ್ನ ಸರ್ವೀಸಿನ್ಯಾಗ ಹೆಣ್ಣ ಡ್ರೈವರ್ ಸಿಕ್ಕಿದ್ದಿಲ್ಲ. ನಡೀರಿ ಡ್ರೈವರ್ ಸಾಹೇಬ್ರ, ರೈಟ್!" ಎಂದು ಕಿಟಕಿಯಿಂದ ಕೈ ಚಾಚಿ ಕಾರಿನ ತಗಡಿಗೆ ಎರಡು ಏಟು ಹೊಡೆದರು. ಚಿಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಮಲ್ಲಸಮುದ್ರ ದಾಟಿದಾಗಿನಿಂದ ಅವರು ಒಂದೊಂದೇ ಸ್ಟಾಪಿನ ಹೆಸರು ಕೂಗುತ್ತ ಬಂದರು. ಮುಳಗುಂದದಲ್ಲಿ ಇಳಿಯುವವರಿದ್ದಾರೇನು ಎಂದು ಖಾಲಿ ಸೀಟನ್ನು ಕೇಳಿದರು. ಎರಡೂ ಬದಿ ಕಪ್ಪು ಎರಿಭೂಮಿಯಲ್ಲಿ ಕಡಲೆ ಹೂ ಬಿಟ್ಟಿತ್ತು. ಅಷ್ಟು ಖುಷಿಯಲ್ಲಿ ಅವರನ್ನು ನಾನು ನೋಡಿರಲಿಲ್ಲ. ಇದಕ್ಕೆ ಇಷ್ಟು ವರ್ಷ ಸತಾಯಿಸಿದೆನಲ್ಲ ಎಂದು ಆಗಲೇ ಒಳಗೆ ಚುಚ್ಚಿತು.

ಗಿರಣಿ ಮನೆಯ ಅಜ್ಜಿ ಬಾಗಿಬಿಟ್ಟಿದ್ದಳು. ಹಣೆಗೆ ಕೈಯಿಟ್ಟು ನೋಡಿ, "ಬಸ್ಸ ಭಾಳ ತಡಾ ಆತಲ್ರಿ ಕಂಡಕ್ಟರ್" ಎಂದಳು. ಕಾಕಾ, "ದಾರ್ಯಾಗ ರಿಟೈರ್ ಆಗಿತ್ರೀ ಅಮ್ಮಾ" ಎಂದರು. ಇಬ್ಬರೂ ನಗುತ್ತ ಕಣ್ಣು ಒರೆಸಿಕೊಂಡರು. ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಒಳಗೆ ಸೊಸೆ ರೊಟ್ಟಿ ಬಡಿಯುವ ಸದ್ದು, ಎಣ್ಣೆಗಾಯಿಯ ವಾಸನೆ. "ತಾಟ ಮಾಡೇವ್ರಿ, ಕೈ ತೊಳೀರಿ" ಎಂದು ಸೊಸೆ ಕೂಗಿದ್ದೇ ಕಾಕಾ ಗೋಡೆಯ ಕಡೆ ತಿರುಗಿ, ಅಂಗಿ ಎತ್ತಿ, ಹೊಟ್ಟೆಗೆ ಸೂಜಿ ಚುಚ್ಚಿಕೊಂಡರು. ನಾನು ನೋಡಿದೆ. ನೋಡಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ಅಷ್ಟರಲ್ಲಿ ಫೋನು ಬಂತು. ಆಸ್ಟ್ರೇಲಿಯಾದ ಗಿರಾಕಿ ಹೆಂಗಸು, ಜಾಮ್ ಬಾಟಲಿಯ ಚೀಟಿಯ ವಿನ್ಯಾಸದ ಬಗ್ಗೆ ಅವಸರದ ಪ್ರಶ್ನೆ. "ಈಗ ಬಂದೆ, ನೀವು ಉಣ್ಣಾಕ ಕುಂಡ್ರಿ ಕಾಕಾ" ಎಂದು ಹೇಳಿ, ನೆಟ್‌ವರ್ಕ್ ಹುಡುಕುತ್ತ ಶಾಲೆಯ ಬೇವಿನ ಮರದವರೆಗೆ ಹೋದೆ. ಕೆಲಸದ ಮಾತು ಬೇಗನೇ ಮುಗಿಯಿತು. ಆಗ ಆ ಹೆಂಗಸು, ಈ ಸಲ ಯಾವ ದೇಶದಲ್ಲಿದ್ದೀರಿ ಎಂದು ಕೇಳಿದಳು. ನಾನು ಫೋನು ತಿರುಗಿಸಿ ಬೇವಿನ ಮರ ತೋರಿಸಿದೆ. ಆಕೆ ಹಿಗ್ಗಿದಳು. ಕಡಲೆ ಹೊಲ ತೋರಿಸಿದೆ. ಎಮ್ಮೆ ತೋರಿಸಿದೆ. ಇನ್ನೂ ಹಿಗ್ಗಿದಳು. ಆಕೆ ಹಿಗ್ಗಿದಷ್ಟೂ ನಾನು ಊರು ತೋರಿಸುತ್ತ ಹೋದೆ, ನಾನೇ ಕಟ್ಟಿಸಿದ ಊರೇನೋ ಎಂಬಂತೆ. ಒಮ್ಮೆ ಗಿರಣಿ ಮನೆಯ ಸೊಸೆ ಬಾಗಿಲಿಗೆ ಬಂದು ಊಟದ ಸನ್ನೆ ಮಾಡಿದಳು. ನಾನು ಮಾತು ನಿಲ್ಲಿಸದೆ, ಒಂದು ಬೆರಳೆತ್ತಿ ತೋರಿಸಿದೆ. ಅವಳು ಒಳಗೆ ಹೋದಳು. ಅವಳು ಹೋದ ಮೇಲೂ ನಾನು ಮಾತಾಡುತ್ತಲೇ ಇದ್ದೆ.

ಹಿಂತಿರುಗಿದಾಗ ಪಡಸಾಲೆಯಲ್ಲಿ ಗದ್ದಲ. ಕಾಕಾ ಕಂಬಕ್ಕೆ ಒರಗಿದ್ದರು. ಬಿಳಿ ಅಂಗಿ ನೀರಲ್ಲಿ ಅದ್ದಿ ತೆಗೆದಂತೆ ಬೆವರಿತ್ತು. ಕಣ್ಣು ತೆರೆದಿದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಮುಂದೆ ಎರಡು ತಾಟು, ಎರಡಕ್ಕೂ ಮುಚ್ಚಿದ ತಟ್ಟೆ. ಅಜ್ಜಿ ಅವರ ತಲೆಯನ್ನು ತೋಳಿನಲ್ಲಿ ಹಿಡಿದು ಬೆಲ್ಲದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಿದ್ದಳು.

"ಎಷ್ಟ ಹೇಳಿದ್ವಿ, ಕೇಳಲಿಲ್ಲ. ಡ್ರೈವರ್ ಬರ್ಲಿ, ಡ್ರೈವರ್ ಬರ್ಲಿ ಅಂತ ಕುಂತ್ರು" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಏನ ಹುಡುಗಿ ನೀನು? ಹಿರ್ಯಾವನ್ನ ಹಸದ ಕುಂದರ್ಸಿ ಯಾರ ಕೂಡ ನಗಾಕತ್ತಿದ್ದಿ?"

ನಾನು ಕಾಕಾನ ಅಂಗೈ ತಿಕ್ಕುತ್ತ ಕುಳಿತೆ. ತಣ್ಣಗಿತ್ತು. ಬೆಲ್ಲದ ನೀರು ಇಳಿದು ಸ್ವಲ್ಪ ಹೊತ್ತಿಗೆ ಕಣ್ಣು ನೆಲೆಗೆ ಬಂದವು. ನನ್ನನ್ನು ಗುರುತಿಸಿದರು. "ಬಂದ್ಯಾ? ಉಣ್ಣೂಣು ನಡಿ. ರೊಟ್ಟಿ ಆರಾಕತ್ಯಾವು" ಎಂದರು. ಅವತ್ತು ಅವರ ಪಕ್ಕದಲ್ಲಿ ಕುಳಿತು ನಾನು ಏನು ಉಂಡೆನೋ ನೆನಪಿಲ್ಲ. ಅವರು ಎಣ್ಣೆಗಾಯಿಯ ಚೂರೊಂದನ್ನು ನನ್ನ ತಾಟಿಗೆ ದಾಟಿಸಿದ್ದು ನೆನಪಿದೆ.

ಹೊರಡುವಾಗ ಅಜ್ಜಿ ಅವರನ್ನು ಹಿಂದೆ ಕೂರಲು ಬಿಡಲಿಲ್ಲ. ಮುಂದೆ ನನ್ನ ಪಕ್ಕ ಕುಳಿತು, ಅವಳು ಕೊಟ್ಟ ತಾಮ್ರದ ಚರಿಗೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಬಂದರು. ಅದರ ತೂತಿಗೆ ಗದಗಿನಲ್ಲಿ ಬೆಸುಗೆ ಹಾಕಿಸಬೇಕಿತ್ತು. ಅದನ್ನು ಆ ವಾರವೇ ಹಾಕಿಸಿ ಬಸ್ಸಿನಲ್ಲಿ ಕಳಿಸಿಯೂ ಬಿಟ್ಟರು.

"ತಪ್ಪಾತು ಕಾಕಾ" ಎಂದೆ, ಮುಳಗುಂದ ಬಂದಾಗ.

"ಬಸ್ಸಂದ ಮ್ಯಾಲೆ ತಡಾ ಆಗೂದ. ಮನಿಯಾಗ ಇದನ್ನ ಹೇಳಾಕ ಹೋಗಬ್ಯಾಡ. ನಿಮ್ಮ ಚಿಗವ್ವ ಆಮ್ಯಾಲೆ ನನ್ನ ಅಂಗಳಾನೂ ದಾಟಗೊಡಂಗಿಲ್ಲ."

ನಾನು ಒಪ್ಪಿಕೊಂಡೆ. ಆ ಮಾತು ಅವರಿಗಿಂತ ನನಗೇ ಹೆಚ್ಚು ಅನುಕೂಲವಾಗಿತ್ತು. ಮನೆ ಮುಂದೆ ಇಳಿದಾಗ ಚಿಗವ್ವ ಬಾಗಿಲಲ್ಲೇ ನಿಂತಿದ್ದಳು. "ಬಂದ್ರೇನವಾ" ಎಂದಷ್ಟೇ ಹೇಳಿ ಒಳಗೆ ಹೋದಳು. ಬದುಕಿದೆ ಎಂದುಕೊಂಡು ನಾನೂ ಮನೆಗೆ ಹೋದೆ. ಕೆಲವು ದಿನಕ್ಕೆ ಪೆಟ್ಟಿಗೆ ಉರುಳಿಸಿಕೊಂಡು ಜಾರ್ಜಿಯಾಕ್ಕೆ ಹೊರಟುಬಿಟ್ಟೆ.

ಮುಂದಿನ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಬೆಳಗ್ಗೆ ಹಲ್ಲುಜ್ಜುತ್ತ ಅಂಗಳದಲ್ಲಿ ನಿಂತವರು ಎದೆ ಹಿಡಿದು ಕುಸಿದರಂತೆ. ಅಣ್ಣ ಫೋನು ಮಾಡಿದಾಗ ನಾನು ಜಾರ್ಜಿಯಾದ ಟಿಬಿಲಿಸಿಯ ಕೋಣೆಯಲ್ಲಿದ್ದೆ. ಹೊರಟರೂ ಮಣ್ಣಿಗೆ ಮುಟ್ಟುತ್ತಿರಲಿಲ್ಲ, ನಿಜ. ಆದರೆ ನಾನು ಅಂದೇ ಹೊರಡದೆ ಉಳಿದದ್ದು ಅದಕ್ಕಲ್ಲ, ಒಪ್ಪಿಕೊಂಡ ಕೆಲಸ ಮುಗಿಸಲು. ಯಳವತ್ತಿಯ ಆ ಮಧ್ಯಾಹ್ನಕ್ಕೂ ಈ ಸಾವಿಗೂ ಸಂಬಂಧ ಇರಲಿಕ್ಕಿಲ್ಲ ಎಂದು ವೈದ್ಯೆಯಾದ ಗೆಳತಿ ಹೇಳಿದಳು. ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಕೇಳಿದೆ. ಕೊನೆಗೆ ಅವಳೇ ಬೇಸತ್ತು, "ನಿನಗ ಯಾವ ಉತ್ತರ ಬೇಕು ಅದನ್ನ ಹೇಳು" ಎಂದಳು.

ಕಾರ್ಯಗಳೆಲ್ಲ ಮುಗಿದ ಮೇಲೆ ಬೆಟಗೇರಿಗೆ ಬಂದೆ. ಎದುರು ಮನೆಗೆ ಹೋದಾಗ ಚಿಗವ್ವ ಅಡುಗೆಮನೆಯಲ್ಲಿದ್ದಳು. ನನ್ನನ್ನು ಕಂಡು ಅತ್ತಳು, ನಾನೂ ಅತ್ತೆ. ಆಮೇಲೆ, "ಯಳವತ್ತಿಗೆ ಹೋಗಿ ಬಂದದ್ದನ್ನ ಬಂದಬಂದಾವ್ರಿಗೆಲ್ಲಾ ಹೇಳಿದ್ರವ್ವಾ. ಹೆಣ್ಣ ಡ್ರೈವರ್ ನಮ್ಮಾಕಿ ಅಂತ. ನಿನ್ನಿಂದ ಅವರ ಆಸೆ ತೀರ್ತು" ಎಂದಳು. ಅದನ್ನು ಕೇಳಿಸಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. "ಚಿಗವ್ವ, ಅವತ್ತ ಅಲ್ಲಿ..." ಎಂದು ಶುರುಮಾಡಿದೆ.

"ಗೊತ್ತೈತಿ" ಎಂದಳು. "ನೀವು ಇನ್ನೂ ದಾರ್ಯಾಗ ಇದ್ದಾಗ ಅಜ್ಜಿ ಫೋನ್ ಮಾಡಿಸಿ ಎಲ್ಲಾ ಹೇಳಿದ್ಲು. ನಿನಗ ಬೈಬೇಕಂತನ ಬಾಗಲದಾಗ ನಿಂತಿದ್ದೆ. ಕಾರ್ ಇಳದಾವ್ರ, ನಿನ್ನ ಬೆನ್ನ ಹಿಂದ ನಿಂತು ನನಗ ಕೈ ಮುಗದ್ರು. ಬಾಯಿ ಮುಚಗೊಂಡೆ."

ಚಿಗವ್ವ ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿ ಮತ್ತೆ ಹೇಳಿದಳು.

"ನೀ ಹೋದ ಮ್ಯಾಲೆ ಜಗಳಾ ತಗದೆ. ಸರ್ವೀಸ್ ಮುಗದು ಎಷ್ಟ ವರ್ಷಾತು, ಇನ್ನೂ ಎಂಥಾ ಡ್ರೈವರ್, ಎಂಥಾ ಕಂಡಕ್ಟರ್, ಜೀವಾ ಹೋಗಿದ್ರ ಅಂದೆ. ಅದಕ್ಕ ಏನಂದ್ರು ಗೊತ್ತೇನು? ಡ್ರೈವರ್ ಅಂತ ಕಾಯಲಿಲ್ಲ ನಾನು. ಅಕಿ ಎಲ್ಲೆಲ್ಲೋ ಒಬ್ಬಾಕಿನ ಉಣ್ಣತಾಳ. ನಾ ಕರಕೊಂಡ ಹೋದ ಮನ್ಯಾಗರ ಒಬ್ಬಾಕಿನ ಉಣ್ಣಬಾರದು ಅಂತ ಕುಂತೆ, ಅಂದ್ರು."

ಚಿಗವ್ವ ಒಲೆ ಆರಿಸಿ ಎರಡು ತಾಟು ಹಚ್ಚಿದಳು. "ಹಸಿವಿಲ್ಲ ಚಿಗವ್ವ, ನೀ ಉಣ್ಣು" ಎಂದೆ. ಅವಳು ಕೈ ತೊಳೆದುಕೊಂಡು ತನ್ನ ತಾಟಿನ ಮುಂದೆ ಕುಳಿತಳು. ರೊಟ್ಟಿ ಮುರಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕುಳಿತಳು.